ಜಂಬುಲಿಂಗಪ್ಪನವರ ಕ್ವಾಂಟಂ ಭಾಷಣ

ಫೋನಿನಲ್ಲಿ ಗಾಳಿಯ ಸದ್ದು ಜೋರಾಗಿತ್ತು. ಮೊಳಕಾಲ್ಮೂರು ಕಾಲೇಜಿನ ಲೆಕ್ಚರರ್ ತ್ರಿವೇಣಿ ‘ಕ್ವಾಂಟಂ ಕಂಪ್ಯೂಟರ್’ ಎಂದದ್ದು ಚಳ್ಳಕೆರೆಯ ಶೇಂಗಾ ಮಂಡಿ ಜಂಬುಲಿಂಗಪ್ಪನವರಿಗೆ ‘ಕ್ವಿಂಟಲ್ ಕಂಪ್ಯೂಟರ್’ ಎಂದು ಕೇಳಿಸಿತು. ಹಳೇ ವಿದ್ಯಾರ್ಥಿ ಎಂದು ಕಾಲೇಜಿನ ಕಾರ್ಯಕ್ರಮದ ಅಧ್ಯಕ್ಷತೆಗೆ ಕರೆಯುತ್ತಿದ್ದಾರೆ, ತೂಕದ ಯಂತ್ರದ ಬಗ್ಗೆ ನಾಲ್ಕು ಮಾತು ಹೇಳಿದರಾಯಿತು ಎಂದು ಒಪ್ಪಿಕೊಂಡುಬಿಟ್ಟರು.

ಕಾಲೇಜಿನ ಗೇಟಿಗೆ ಕಟ್ಟಿದ ಬ್ಯಾನರು ಓದಿದಾಗಲೇ ಅದು ಕ್ವಿಂಟಲ್ ಅಲ್ಲ ಎಂದು ಅವರಿಗೆ ತಿಳಿದದ್ದು.

“ಲೇ ಅಮರೇಶ, ಇದು ಬ್ಯಾರೆ ಏನೋ ಐತಲ್ಲೋ. ವಾಪಸ್ ಹೋಗಣ ನಡಿ.”

ಅಮರೇಶ ಪಕ್ಕದ ಮಂಡಿಯವನು. ಕರೆಯದಿದ್ದರೂ ಇಸ್ತ್ರಿ ಅಂಗಿ ತೊಟ್ಟು ಜೊತೆಗೆ ಬಸ್ಸು ಹತ್ತಿದ್ದ. “ಹೆದರ್ಕಬ್ಯಾಡ್ರಿ ಅಣ್ಣ. ಮಾತಾಡೋರು ವಿಜ್ಞಾನಿಗಳು. ನೀವು ಕಡೇಗೆ ಎಲ್ರಿಗೂ ಒಳ್ಳೇದಾಗ್ಲಿ ಅಂದ್ರೆ ಮುಗೀತು.”

ಅಷ್ಟರಲ್ಲಿ ಪ್ರಿನ್ಸಿಪಾಲರು ಓಡಿಬಂದರು. ವಿಜ್ಞಾನಿಗಳ ಕಾರು ಬಿ.ಜಿ. ಕೆರೆ ಹತ್ತಿರ ಕೆಟ್ಟು ನಿಂತಿದೆ, ಅವರು ಬರುವುದಿಲ್ಲ ಎಂದರು.

“ಅದಕ್ಕ್ಯಾಕೆ ಯೋಚ್ನೆ ಸಾರ್?” ಅಮರೇಶ ಎದೆಯುಬ್ಬಿಸಿದ. “ನಮ್ಮಣ್ಣಾರೇ ಮಾತಾಡ್ತಾರೆ. ಇವ್ರಿಗೆ ತಿಳೀದೇ ಇರೋದು ಯಾವ್ದೈತೆ?”

ಜಂಬುಲಿಂಗಪ್ಪ ಮೆಲ್ಲಗೆ ಗೇಟಿನ ಕಡೆ ತಿರುಗಿದರು. ಅವರ ಅವಸ್ಥೆ ಕಂಡ ತ್ರಿವೇಣಿ ಸ್ಟಾಫ್ ರೂಮಿಗೆ ಕರೆದೊಯ್ದು ನೀರು ಕೊಟ್ಟಳು.

“ಇಷ್ಟೇ ಸಾರ್. ಮಾಮೂಲಿ ಕಂಪ್ಯೂಟರಿನಲ್ಲಿ ಸೊನ್ನೆ, ಇಲ್ಲಾಂದ್ರೆ ಒಂದು. ಕ್ವಾಂಟಂನಲ್ಲಿ ಕ್ಯೂಬಿಟ್ ಅಂತ ಇರುತ್ತೆ. ಅಳೆಯೋವರೆಗೂ ಸೊನ್ನೆ, ಒಂದು ಎರಡೂ ಬೆರೆತ ಸ್ಥಿತೀಲಿ ಇರುತ್ತೆ. ಅಳೆದ ತಕ್ಷಣ ಯಾವುದೋ ಒಂದಾಗಿ ನಿಲ್ಲುತ್ತೆ.”

“ನೋಡೋ ತನಕ ಎರಡೂನಾ ತಾಯಿ?”

“ಹೂಂ. ಎರಡು ಕ್ಯೂಬಿಟ್ ಹೆಣೆದುಕೊಂಡಿದ್ರೆ, ಒಂದನ್ನ ಅಳೆದ್ರೆ ಸಾಕು, ದೂರದಲ್ಲಿರೋ ಇನ್ನೊಂದರ ಸಂಗತೀನೂ ತಿಳಿಯುತ್ತೆ. ಲೆಕ್ಕ ಮಾಡುವಾಗ ತಪ್ಪು ಉತ್ತರಗಳು ಅಲೆಗಳ ಥರ ಒಂದನ್ನೊಂದು ಅಳಿಸಿಕೊಳ್ಳೋ ಹಾಗೆ ಮಾಡ್ತಾರೆ. ಸರಿ ಉತ್ತರ ಉಳಿಯುತ್ತೆ.”

ವೇದಿಕೆ ಹತ್ತಿದಾಗ ಮುನ್ನೂರು ಜೊತೆ ಕಣ್ಣು ಅವರ ಮೇಲಿದ್ದವು. ಆದರೆ ಅವರನ್ನು ಹೆದರಿಸಿದ್ದು ಮುಂದಿನ ಸಾಲಿನ ಒಬ್ಬನೇ ಮನುಷ್ಯ. ದಪ್ಪ ಕನ್ನಡಕ, ನಗದ ಮುಖ, ಮಡಿಲಲ್ಲಿ ನೋಟ್‌ಬುಕ್ಕು. ವಿಜ್ಞಾನಿ ಬೇರೆ ಗಾಡಿ ಹಿಡಿದು ಬಂದೇಬಿಟ್ಟರು ಎಂದುಕೊಂಡರು ಜಂಬುಲಿಂಗಪ್ಪ. ಬೆವರು ಬೆನ್ನಗುಂಟ ಇಳಿಯಿತು. ತ್ರಿವೇಣಿ ಹೇಳಿದ್ದರಲ್ಲಿ ಅರ್ಧ ಅದರ ಜೊತೆಗೇ ಹರಿದುಹೋಯಿತು. ಉಳಿದ ಅರ್ಧವನ್ನು ತಮಗೆ ಗೊತ್ತಿದ್ದ ಒಂದೇ ವಸ್ತುವಿಗೆ ಕಟ್ಟಿದರು.

“ನೋಡ್ರಪ್ಪಾ, ನಮ್ಮ ಮಂಡಿ ತಕ್ಕಡಿ ಮ್ಯಾಲೆ ಚೀಲ ಇಟ್ರೆ ನಂಬರು ಓಲಾಡ್ತಿರ್ತೈತೆ. ನಲವತ್ತೆಂಟೋ ಐವತ್ತೋ ಹೇಳಕ್ಕಾಗಲ್ಲ. ಎರಡೂ ಐತೆ ಅನ್ಕೊಳ್ಳಿ. ಕಣ್ಣಿಟ್ಟು ನೋಡಿದ್ಮ್ಯಾಲೆ ಒಂದಾಗಿ ನಿಲ್ತೈತೆ. ರೈತ ನೋಡಿದ್ರೆ ಐವತ್ತು, ನಾನು ನೋಡಿದ್ರೆ ನಲವತ್ತೆಂಟು.”

ಹುಡುಗರು ಗೊಳ್ಳೆಂದು ನಕ್ಕರು. ಕನ್ನಡಕದವರು ನಗಲಿಲ್ಲ, ಬರೆದುಕೊಂಡರು. ತಪ್ಪು ಹೇಳಿದೆನೇನೋ ಎಂಬ ಗಾಬರಿಯಲ್ಲಿ ಜಂಬುಲಿಂಗಪ್ಪ ಇನ್ನಷ್ಟು ಬಿಡಿಸಿ ಹೇಳಿದರು.

“ಹೆಣೆದುಕೊಳ್ಳೋದು ಅಂದ್ರೆ ಹೆಂಗೆ? ನಮ್ಮ ತಕ್ಕಡಿ, ಈ ಅಮರೇಶನ ತಕ್ಕಡಿ ಒಂದೇ ದಿನ ತಂದ ಜೋಡಿ. ಇಲ್ಲಿ ನೋಡಿದ್ರೆ ಸಾಕು, ಅಲ್ಲೇನಾಗೈತೆ ಅಂತ ನೋಡೋದೇ ಬ್ಯಾಡ.”

ಚಪ್ಪಾಳೆ ಬಿತ್ತು. ಅಮರೇಶ ಎದ್ದು ನಿಂತು ಸಭೆಗೆ ಕೈಮುಗಿದ.

ಕಾರ್ಯಕ್ರಮ ಮುಗಿದದ್ದೇ ಜಂಬುಲಿಂಗಪ್ಪ ಹಿಂಬಾಗಿಲು ಹುಡುಕಿದರು. ಅಲ್ಲೇ ಕನ್ನಡಕದವರು ನಿಂತಿದ್ದರು.

“ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ರಿ ಸ್ವಾಮಿ. ನಾನು ವಿಜ್ಞಾನ ಓದಿದೋನಲ್ಲ,” ಎಂದು ಜಂಬುಲಿಂಗಪ್ಪ ಕೈ ಜೋಡಿಸಿದರು.

“ನನಗೂ ಆ ಕ್ವಾಂಟಂ ಗೊತ್ತಿಲ್ಲ ಬಿಡ್ರಿ. ಮಗಳ ಹಾಡು ಕೇಳೋಕೆ ಬಂದಿದ್ದೆ. ಪ್ರಾರ್ಥನೆ ಹಾಡಿದ್ಲಲ್ಲ, ಅವಳೇ.”

ಜಂಬುಲಿಂಗಪ್ಪನವರಿಗೆ ಹೋದ ಜೀವ ಬಂದಂತಾಯಿತು. ನಿರಾಳವಾಗಿ ಕೇಳಿದರು, “ಹಂಗಾದ್ರೆ ತಾವು ಯಾರು?”

“ತೂಕ, ಅಳತೆ ಇಲಾಖೆ ಇನ್ಸ್‌ಪೆಕ್ಟರ್. ನಿಮ್ಮ ತಕ್ಕಡಿಗೆ ಈ ವರ್ಷದ ಸೀಲು ಬಿದ್ದೈತಾ?”

ಜಂಬುಲಿಂಗಪ್ಪ ಅಮರೇಶನಿಗಾಗಿ ಸುತ್ತ ನೋಡಿದರು.

“ಹತ್ತಿ, ಜೀಪ್ ಐತೆ. ಚಳ್ಳಕೆರೆಗೇ ಹೋಗೋಣ,” ಎಂದ ಇನ್ಸ್‌ಪೆಕ್ಟರು ನೋಟ್‌ಬುಕ್ಕು ತಿರುವಿದರು. “ಜೋಡಿ ತಕ್ಕಡಿ ಅಂದ್ರಲ್ಲ, ಆ ಅಮರೇಶ ಅನ್ನೋರು ಯಾರು?”

ಬಾಗಿಲ ಮರೆಯಲ್ಲಿ ಎಲ್ಲ ಕೇಳಿಸಿಕೊಂಡಿದ್ದ ಅಮರೇಶ ಆ ಹೊತ್ತಿಗೆ ಕಾಲೇಜಿನ ಕಾಂಪೌಂಡ್ ಹಾರುತ್ತಿದ್ದ. ಇಸ್ತ್ರಿ ಅಂಗಿ ಗೋಡೆಯ ಮೇಲಿನ ಮುಳ್ಳುತಂತಿಗೆ ಸಿಕ್ಕಿ ಅವನನ್ನು ಅಲ್ಲೇ ಹಿಡಿದು ನಿಲ್ಲಿಸಿತ್ತು.