ಹಣೆಗೆ ಕುಂಕುಮ ಹಚ್ಚಿಸಿಕೊಂಡು ನಿಂತ ಹಂಚಿನ ಪ್ರೆಸ್ಸಿಗೆ

ಟಿಳಕವಾಡಿ, ಬೆಳಗಾವಿ
೬ ಮೇ ೨೦೦೧

ಖಾನಾಪುರದ ನಮ್ಮ ಹಂಚಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದು, ಕಳೆದ ಸೋಮವಾರ ಯಾರನ್ನೂ ಕೇಳದೆ ವಿಶ್ರಾಂತಿಗೆ ತೆರಳಿದ ಹಂಚಿನ ಪ್ರೆಸ್ ಮಹಾಶಯರ ಸನ್ನಿಧಿಗೆ, ಒಡತಿ ಗಂಗಾದೇವಿಯ ನಮಸ್ಕಾರಗಳು.

ಮಾನ್ಯರೇ,

ತಾವು ನಿಂತ ಸುದ್ದಿ ತಾಲೂಕಿಗೆಲ್ಲ ಗೊತ್ತಾಗಿರುವುದರಿಂದ ಈ ಪತ್ರವನ್ನೂ ಎಲ್ಲರೂ ಓದುವಂತೆಯೇ ಬರೆಯುತ್ತಿದ್ದೇನೆ.

ತಮ್ಮ ಸೇವೆಯನ್ನು ಎಷ್ಟು ಹೊಗಳಿದರೂ ಕಡಿಮೆ. ಜ್ವರವೆಂದು, ನೆಂಟರ ಮದುವೆಯೆಂದು ತಾವು ಎಂದೂ ರಜೆ ಕೇಳಲಿಲ್ಲ. ಡಿಪ್ಲೊಮಾ ಮುಗಿಸಿದ ನನ್ನ ಮಗ ಸಂಜಯ, ಸವೆದಿರಲಿ ಬಿಡಲಿ ತಮ್ಮ ಒಂದೊಂದು ಭಾಗವನ್ನೂ ಗೊತ್ತಾದ ತಿಂಗಳಿಗೆ ಬದಲಿಸಬೇಕೆಂದು ವೇಳಾಪಟ್ಟಿಯ ದೊಡ್ಡ ತಖ್ತೆ ಬರೆದು ತಂದಾಗ, "ಹಲ್ಲ ಗಟ್ಟಿ ಇದ್ರೂ ವರ್ಷಕ್ಕೊಮ್ಮೆ ಕಿತ್ತಸ್ಕೋತಿಯೇನಪಾ?" ಎಂದು ಕೇಳಿ, ಅದನ್ನು ಉಪ್ಪಿನಕಾಯಿ ಭರಣಿಯ ಕೆಳಗೆ ಹಾಸಿದವಳು ನಾನು. ಓಡುವ ಯಂತ್ರವನ್ನು ಮುಟ್ಟಬಾರದೆಂಬುದು ನನ್ನ ಕಾನೂನು.

ನಮ್ಮ ಫಿಟರ್ ಭರಮಪ್ಪನದು ಬೇರೆಯೇ ವಿದ್ಯೆ. ಸ್ಕ್ರೂಡ್ರೈವರಿನ ತುದಿಯನ್ನು ತಮ್ಮ ಹೊಟ್ಟೆಗೂ ಹಿಡಿಕೆಯನ್ನು ತನ್ನ ಕಿವಿಗೂ ಒತ್ತಿ ಆತ ತಮ್ಮ ಮನದ ಮಾತು ಕೇಳುತ್ತಾನೆ. ಕಳೆದ ಮಹಾನವಮಿಯಂದೇ ಕೇಳಿ ಹೇಳಿದ್ದ: "ಅವ್ವಾರ, ಬೇರಿಂಗ್ ಕರಕರ ಅಂತೈತ್ರಿ. ಒಂದಿನಾ ನಾವು ನಿಂದರಸೂಣ್ರಿ, ಇಲ್ಲಂದ್ರ ಅದ ನಮ್ಮನ್ನ ನಿಂದರಸತೈತಿ." ನಾನು, "ದೊಡ್ಡ ಡಾಕ್ಟರ ಆಗೀದಿ, ಸುಮ್ನ ಊದಿನಕಡ್ಡಿ ಹಚ್ಚು" ಎಂದೆ.

ಸೋಮವಾರ ತಾವು ಚೀರಿ ನಿಂತಿರಿ. ಬಿಚ್ಚಿದರೆ ಬೇರಿಂಗ್ ಒಣಗಿ ಸುಟ್ಟಿದೆ, ಶಾಫ್ಟ್ ಮುರಿದಿದೆ. ಯಜಮಾನರು ತೀರಿಕೊಂಡ ಮೇಲೆ ಮೂರು ವರ್ಷ ಮಹಾನವಮಿಗೆ ತಮ್ಮ ಖಂಡೇಪೂಜೆ ಮಾಡಿದವಳು ನಾನೇ. ತಮ್ಮ ಮುಖದ ಮೇಲಿನ ಗುಂಡನೆಯ ಗುಬುಟನ್ನು ಹಣೆಯೆಂದು ತಿಳಿದು, ವಿಭೂತಿ ಕುಂಕುಮಗಳನ್ನು ಎಣ್ಣೆಯಲ್ಲಿ ಕಲಸಿ ಅದಕ್ಕೇ ಮೆತ್ತುತ್ತ ಬಂದೆ. ಅದು ಬೇರಿಂಗಿಗೆ ಗ್ರೀಸ್ ತುಂಬುವ ಬಾಯಿ ಎಂದು ಈಗ ಗೊತ್ತಾಯಿತು! ಕುಂಕುಮ ಕಲ್ಲಾಗಿ ಕೂತಿತ್ತು. ಯಾಕೆ ಹೇಳಲಿಲ್ಲವೆಂದು ಭರಮಪ್ಪನನ್ನು ಗದರಿದರೆ, "ನೀವು ಹಚ್ಚಿದ ಕುಂಕುಮಾ ಕೆರ್ಯಾಕ ಯಾರಿಗೆ ಧೈರ್ಯ ಐತ್ರಿ?" ಎಂದ.

ಈಗ ಸಂಕಟ ಕೇಳಿ. ಪಾರಿಶ್ವಾಡದ ನಿಂಗವ್ವ, ಹದಿನೈದು ದಿನದಲ್ಲಿ ಹೊಸ ಹಂಚು ಕೊಡುತ್ತೇನೆಂಬ ನನ್ನ ಮಾತು ನಂಬಿ ಹಳೆಯ ಛಾವಣಿ ಇಳಿಸಿದ್ದಾಳೆ. ಮೊನ್ನೆ ಬಂದು, "ಅಕ್ಕಾರ, ನಿಮ್ಮ ಮಾತಿನ ಮ್ಯಾಲ ಮನಿ ತಲಿ ಬೋಳ ಮಾಡೇನ್ರಿ" ಎಂದಷ್ಟೇ ಹೇಳಿ, ನೀರೂ ಕುಡಿಯದೆ ಹೋದಳು. ಹೊಸ ಶಾಫ್ಟ್ ಬಂದು, ತಾವು ಹಂಚು ಒತ್ತಿ, ಅವು ಆರಿ, ಭಟ್ಟಿಯಲ್ಲಿ ಬೇಯುವಷ್ಟರಲ್ಲಿ ಮಳೆ ಹಿಡಿದಿರುತ್ತದೆ. ನನ್ನ ಮಾತು ಹಿಂದೆಂದೂ ತಪ್ಪಿಲ್ಲ.

ಆದ್ದರಿಂದ ವಿನಂತಿ: ಮುಂದೆ ಕೆಡುವುದಿದ್ದರೆ ಹದಿನೈದು ದಿನ ಮೊದಲು ಲಿಖಿತ ನೋಟೀಸು ಕೊಡಿ, ಸರ್ಕಾರಿ ರಜೆಯ ದಿನಗಳಲ್ಲಿ ಮಾತ್ರ ಕೆಡಿ. ಅದು ಸಾಧ್ಯವಿಲ್ಲದಿದ್ದರೆ, ಪ್ರತಿ ಶನಿವಾರ ಮಧ್ಯಾಹ್ನ ತಮ್ಮನ್ನು ನಿಲ್ಲಿಸಲಾಗುವುದು. ಭರಮಪ್ಪ ಕಿವಿಗೊಟ್ಟು ಸವೆದಿದೆ ಎಂದದ್ದನ್ನು ಬದಲಿಸಲಾಗುವುದು, ಗಟ್ಟಿಯಿದೆ ಎಂದದ್ದನ್ನು ಮುಟ್ಟಲಾಗದು. ಸಂಜಯನ ತಖ್ತೆ ಭರಣಿಯ ಕೆಳಗೇ ಇರಲಿ. ನನ್ನ ಕಾನೂನೂ ಅದರ ಜೊತೆಗಿರಲಿ. ಕುಂಕುಮ ಇನ್ನು ಒಂದು ಗೇಣು ಮೇಲೆ.

ಇಷ್ಟಾದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಗಂಗಾದೇವಿ

ತಾ.ಕ.: ನಿಂಗವ್ವನ ಮನೆಗೆ ನಿನ್ನೆಯೇ ಹಂಚು ಹೊದಿಸಿಯಾಯಿತು. ತಾವೇ ಹಿಂದೆ ಒತ್ತಿದ ಹಂಚುಗಳು. ತಮ್ಮ ನೆತ್ತಿಯ ಮೇಲಿನ ಶೆಡ್ಡಿನಿಂದ ಇಳಿಸಿ ಕಳಿಸಿದೆ. ಹೊಸ ಶಾಫ್ಟ್ ಹಾಕಿದ ಮೇಲೆ ತಾವು ಒತ್ತುವ ಮೊದಲ ಹಂಚುಗಳು ತಮ್ಮ ತಲೆಗೇ. ಆಮೇಲೆ ಪಕ್ಕದಲ್ಲೇ ಈಗ ಸೂರಿಲ್ಲದೆ ಕೂತಿರುವ ನನ್ನ ಕುರ್ಚಿಯ ಕಡೆಗೂ ದಯೆಯಿರಲಿ.