ಅತ್ತೆಯ ಸರದಿ

ಸುಂಟಿಕೊಪ್ಪದ ಕಾಫಿ ಎಸ್ಟೇಟೊಂದರಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದ ಶಶಿಧರನಿಗೆ ಕೈಗಿಂತ ಬಾಯಿಯೇ ಚುರುಕು. ಕ್ಲಬ್ಬಿನಲ್ಲಿ ಟೇಬಲ್ ಟೆನಿಸ್ ಮಿಕ್ಸೆಡ್ ಡಬಲ್ಸ್ ಇದ್ದ ಭಾನುವಾರ ಬೆಳಿಗ್ಗೆ, ರೊಟ್ಟಿ ಮುರಿಯುತ್ತಾ, "ಅದ್ರಲ್ಲಿ ಹೆಂಗಸರು ಗಾಡಿ ಕೆಳಗಿನ ನಾಯಿ ಇದ್ದಂಗೆ. ಎಳೆಯೋದೆಲ್ಲ ಗಂಡಸರೇ" ಅಂದುಬಿಟ್ಟ.

ಹೆಂಡತಿ ಅಮೃತಾ ಸೌಟು ಕೆಳಗಿಟ್ಟಳು. "ಹಾಗಾದ್ರೆ ನಾನು ಹೇಳಿದೋರನ್ನ ಜೋಡಿ ಮಾಡ್ಕೊಂಡು ಆಡಿ ಗೆಲ್ರಿ. ಗೆದ್ರೆ ದಿನಾ ಸಂಜೆ ಕ್ಲಬ್ಬಿಗೆ ಹೋಗಿ, ನಾನು ಉಸಿರೆತ್ತಲ್ಲ. ಸೋತ್ರೆ ಆ ಇಸ್ಪೀಟು, ಆ ಸಂಜೆ, ಎಲ್ಲಾ ಬಂದ್."

"ಆಯ್ತು. ಯಾರ ಜೊತೆ?"

"ನಮ್ಮಮ್ಮನ ಜೊತೆ."

ಶನಿವಾರಸಂತೆಯಿಂದ ಮಗಳ ಮನೆಗೆ ಬಂದಿದ್ದ ಮಹಾದೇವಮ್ಮ ಬಾಗಿಲ ಮರೆಯಲ್ಲಿ ಸೆರಗು ಎಳೆದುಕೊಂಡರು. ಅಳಿಯನ ಮುಖ ನೋಡಿ ಮಾತಾಡಿದವರಲ್ಲ. ಬೆಣ್ಣೆ ಸವರಿದ ಮೊದಲ ರೊಟ್ಟಿ ಅವನಿಗೇ, ಅದನ್ನೂ ಮಗಳ ಕೈಯಲ್ಲೇ ಕಳಿಸುತ್ತಿದ್ದರು. ಊರಿನ ಹಾಸ್ಟೆಲಿನಲ್ಲಿ ಅಡುಗೆ ಮಾಡುವಾಗ ಹುಡುಗರ ಜೊತೆ ಟೇಬಲ್ ಮೇಲೆ ಒಂದಿಷ್ಟು ಚೆಂಡು ಕುಟ್ಟಿದ್ದರು, ಅಷ್ಟೆ.

ಶಶಿಧರ ಒಳಗೊಳಗೇ ಹಿಗ್ಗಿದ. ಅವನು ಷಟ್ಲ್ ಬ್ಯಾಡ್ಮಿಂಟನ್ ಆಟಗಾರ. ಅತ್ತೆ ಮೂಲೆಯಲ್ಲಿ ನಿಂತರೆ ಸಾಕು, ಎಲ್ಲ ಚೆಂಡೂ ತನ್ನದೇ.

ಹೆಸರು ಕೊಟ್ಟವರು ಎರಡೇ ಜೋಡಿ. ಹಾಗಾಗಿ ಮೊದಲ ಆಟವೇ ಫೈನಲ್ಲು. ಎದುರಿಗೆ ಪೂವಯ್ಯ ಮತ್ತು ಅವನ ಹೆಂಡತಿ ಬೊಳ್ಳಮ್ಮ. ಅಂಪೈರು ಕ್ಲಬ್ಬಿನ ಬೋಜಪ್ಪ.

ಶಶಿಧರ ಬೀಸಿದ ಚೆಂಡು ತಿರುಗಿ ಬಂತು. ಮಹಾದೇವಮ್ಮ ಹಿಂದೆ ಸರಿದು, "ಅಳಿಯಂದಿರೇ ಹೊಡೀಲಿ" ಅಂದರು. ಅಳಿಯಂದಿರು ಹಾರಿ ಹೊಡೆದರು.

"ಪಾಯಿಂಟ್ ಪೂವಯ್ಯಂಗೆ!"

"ಯಾಕ್ರೀ ಬೋಜಪ್ಪಣ್ಣ?"

"ಒಂದ್ಸಲ ನೀವು ಹೊಡೆದ್ರೆ ಮುಂದಿನ ಸಲ ಅವರೇ ಹೊಡೀಬೇಕು. ಇದೇನ್ ಷಟ್ಲಾ?"

ಶಶಿಧರನ ಮುಖ ಮಂಜಿಗೆ ಸಿಕ್ಕ ಕಾಫಿ ಹೂವಾಯಿತು. "ಅತ್ತೆ, ನಿಮ್ಮ ಸರದಿ ಬಂದಾಗ ನೀವೇ ಹೊಡೀಬೇಕಂತೆ."

ಮಹಾದೇವಮ್ಮ ಆಟ ನೋಡಲು ಬಂದಿದ್ದ ಮಗಳ ಕಡೆ ತಿರುಗಿದರು. "ಅಳಿಯಂದಿರ ಮುಂದೆ ನುಗ್ಗಿ ಕೈ ಬೀಸೋದೇನೇ? ಭುಜಗಿಜ ತಾಗಿದ್ರೆ?"

ಹನ್ನೊಂದು–ಎರಡಕ್ಕೆ ಮೊದಲ ಗೇಮ್ ಹೋಯಿತು. ಪೂವಯ್ಯ ಬೆವರು ಒರೆಸಿಕೊಳ್ಳುತ್ತಾ, "ಏನ್ ರೈಟ್ರೇ, ಗಾಡಿ ಹೊರಡಲ್ವಾ?" ಅಂದ. ಬೆಳಗಿನ ಮಾತು ಅದಾಗಲೇ ಊರೆಲ್ಲ ಸುತ್ತಿತ್ತು.

ಕಿಟಕಿ ಪಕ್ಕದ ತನ್ನ ಇಸ್ಪೀಟಿನ ಕುರ್ಚಿ ಶಶಿಧರನ ಕಣ್ಣಿಗೆ ಬಿತ್ತು. ಸೋಲಬಾರದು. ಏನಾದರೂ ಸರಿ, ಸೋಲಬಾರದು. ಶಶಿಧರ ಕೈ ಮುಗಿದ. "ಅತ್ತೆ, ಅಳಿಯ ಅನ್ನೋದನ್ನ ಮರೆತ್ಬಿಡಿ. ನಾನೂ ನಿಮ್ಮ ಹಾಸ್ಟೆಲ್ ಹುಡುಗ ಅಂತ ತಿಳ್ಕೊಳ್ಳಿ."

"ನಿಜವಾಗ್ಲೂ?"

"ದೇವರಾಣೆ!"

ಮಹಾದೇವಮ್ಮ ಸೆರಗು ಸೊಂಟಕ್ಕೆ ಬಿಗಿದರು.

"ಸರಿಯೋ ಆಚೆ!" ಮೊಣಕೈ ಪಕ್ಕೆಲುಬಿಗೆ ಬಿತ್ತು, ಚೆಂಡು ಪೂವಯ್ಯನ ಹೊಟ್ಟೆಗೆ. "ಹೊಡೆದ್ಮೇಲೆ ಕಂಬದಂಗೆ ನಿಲ್ತೀಯಲ್ಲೋ! ಜಾಗ ಬಿಡು!"

ಶಶಿಧರ ಹೊಡೆದ, ಓಡಿದ, ಹೊಡೆದ, ಬಗ್ಗಿದ. ಅಂಗಳದಿಂದ ಓಡಿಸಿಕೊಂಡ ಕೋಳಿಯ ಹಾಗೆ. ಅತ್ತ ಗಾಬರಿಗೊಂಡ ಪೂವಯ್ಯ ಹೆಂಡತಿಯ ಸರದಿಗೂ ತಾನೇ ನುಗ್ಗತೊಡಗಿದ. ಬೋಜಪ್ಪ ಪಾಯಿಂಟಿನ ಮೇಲೆ ಪಾಯಿಂಟು ಇತ್ತ ಹಾಕಿದ. ಎರಡನೇ ಗೇಮ್ ಅತ್ತೆ-ಅಳಿಯನ ಪಾಲಾಯಿತು, ಕೊನೆಯ ಮೂರನೆಯದೂ ಅವರದೇ ಆಗುವ ಹೊತ್ತಿಗೆ ಬೊಳ್ಳಮ್ಮ, "ನೀವೊಬ್ರೇ ಆಡ್ಕೊಳ್ಳಿ ಮಾರಾಯ್ರೆ" ಅಂತ ಬ್ಯಾಟು ಕುಕ್ಕಿದಳು.

ಗೆದ್ದ ಶಶಿಧರ ಮನೆಗೆ ಬಂದು ಕಾಲ ಮೇಲೆ ಕಾಲು ಹಾಕಿ ಬೆಣ್ಣೆ ರೊಟ್ಟಿಗೆ ಕಾದ. ಬರಲಿಲ್ಲ.

"ತಟ್ಟೆ ತಗೊಂಡ್ ಬಾರೋ! ಕೂತಲ್ಲಿಗೆ ಯಾರು ತರ್ತಾರೆ?" ಅಡುಗೆಮನೆಯಿಂದ ಕೂಗು.

ಅವನು ಅಮೃತಾಳ ಮುಖ ನೋಡಿದ. "ದೇವರಾಣೆ ಇಟ್ಟಿದ್ದು ನೀವೇ ಅಲ್ವಾ?" ಅಂದಳು.

ಹೋಗಲಿ, ಕ್ಲಬ್ಬಾದರೂ ಉಳಿಯಿತಲ್ಲ. ಸಂಜೆ ತಲೆ ಬಾಚಿ, ಸಿಳ್ಳೆ ಹಾಕುತ್ತಾ ಹೊರಟ. ಹೊಸ್ತಿಲಲ್ಲಿ ಮಹಾದೇವಮ್ಮ ಸೆರಗು ಬಿಗಿದು, ಚಪ್ಪಲಿ ಮೆಟ್ಟಿ, ಬ್ಯಾಟು ಹಿಡಿದು ನಿಂತಿದ್ದರು.

"ಗೆದ್ದೋರಿಗೆ ಮುಂದಿನ ತಿಂಗಳು ಮಡಿಕೇರೀಲಿ ಆಟವಂತೆ. ಅಲ್ಲೀವರ್ಗೂ ನಾನು ಊರಿಗೆ ಹೋಗಲ್ಲ. ಇಸ್ಪೀಟಿನ ಕಡೆ ಕಣ್ಣು ಹಾಕಿದ್ಯೋ, ನೋಡು! ನಡಿ, ದಿನಾ ಪ್ರಾಕ್ಟೀಸು."

ಶಶಿಧರ ದಿಕ್ಕಿಲ್ಲದವನಂತೆ ಹಿಂತಿರುಗಿ ನೋಡಿದ.

ಅಮೃತಾ ಬಾಗಿಲಿಗೆ ಒರಗಿ ಕೈ ಬೀಸಿದಳು. "ಹೋಗಿ ಬನ್ನಿ. ನಾನು ಉಸಿರೆತ್ತಲ್ಲ."