ಕೊನೆಯ ಸಾಲಿನ ಕಳ್ಳ

ಬಾಗಿಲು ದಬದಬನೆ ಬಡಿಯಿತು. ಬನಹಟ್ಟಿಯ ಆ ಓಣಿಯಲ್ಲಿ ಮಗ್ಗಗಳೂ ಬಾಯಿ ಮುಚ್ಚಿ ಮಲಗಿದ್ದ ಹೊತ್ತು. ಗೌರೀಶ ಎದ್ದು ಚಿಲಕ ತೆಗೆದ. ಎದುರಿಗೆ ಪಕ್ಕದ ಮನೆಯ ಅನಸವ್ವ. ಮುಖದ ತುಂಬ ಲಾಟರಿ ಹೊಡೆದವರ ಕಳೆ.

"ಕಳ್ಳ ಯಾರಂತ ಗೊತ್ತಾತೋ ಯಪ್ಪಾ! ಡ್ರಿಲ್ ಮಾಸ್ತರ!"

ಮನೆಗೆ ನಿಜವಾದ ಕಳ್ಳ ನುಗ್ಗಿದ್ದರೂ ಗೌರೀಶ ಹಾಗೆ ಬೆವರುತ್ತಿರಲಿಲ್ಲ.

"ನಿನಗ ಯಾರು ಹೇಳಿದ್ರು?"

"ಮುಧೋಳದಾಗಿಂದ ಮೊಮ್ಮಗಳು ಫೋನ್ ಮಾಡಿದ್ಲು. ಮುಂಜಾನಿ ತನಕ ಹೊಟ್ಟ್ಯಾಗ ಇಟ್ಕೊಳ್ಳೂದು ಆಗಲಿಲ್ಲ. ಆತು, ಮಲ್ಕೋ ನೀ," ಎಂದು ಅನಸವ್ವ ಭಾರ ಇಳಿಸಿಕೊಂಡು ಹೊರಟುಹೋದಳು. ಗೌರೀಶನಿಗೆ ಮಾತ್ರ ಆಮೇಲೆ ನಿದ್ದೆ ಹತ್ತಲಿಲ್ಲ.

ತಾನು ಬರೆದ ಕತೆಯ ಆ ಗುಟ್ಟು ಜಗತ್ತಿನಲ್ಲಿ ಅವನೊಬ್ಬನಿಗೇ ಗೊತ್ತಿರಬೇಕಾಗಿತ್ತು. ಅವನ ತಂದೆ ಶಿದ್ರಾಮಪ್ಪ ನೇಕಾರ. ಮಗ್ಗದ ಸದ್ದಿನಲ್ಲೇ ಬೆಳೆಯುವ ಮಕ್ಕಳಿಗೆ ಓದಲು ಏನಾದರೂ ಸಿಗಲೆಂದು ಹಳೆಯದೊಂದು ಅಚ್ಚಿನ ಯಂತ್ರ ತಂದು, ಸ್ವಂತ ಶೆಡ್ಡಿನಲ್ಲಿಯೇ 'ಲಾಳಿ ಮಕ್ಕಳ ಪ್ರಕಾಶನ' ತೆರೆದಿದ್ದ. ಯಾವುದನ್ನೂ ಚೆಲ್ಲಬಾರದೆಂಬುದು ಅವನ ಕಟ್ಟಪ್ಪಣೆ. ಸೀರೆಯ ತುಂಡುಗಳು ಪುಸ್ತಕದ ರಟ್ಟಿಗೆ ಹೊದಿಕೆಯಾಗುತ್ತಿದ್ದವು. ಮಗ್ಗದ ಹಾಸಿನಲ್ಲಿ ಉಳಿದ ನೂಲು ಹೊಲಿಗೆಗೆ, ನೂಲಿಗೆ ಹಾಕಿ ಮಿಕ್ಕ ಗಂಜಿ ಅಂಟಿಗೆ. ಮಸಿ ಹತ್ತಿ ಕೆಟ್ಟ ಹಾಳೆಗಳೂ ಮಡಿಸಿದ ಸೀರೆ ಬಿಗಿಯಾಗಿ ನಿಲ್ಲಲೆಂದು ನೆರೆಯ ಶೆಡ್ಡುಗಳಿಗೆ ಹೋಗುತ್ತಿದ್ದವು. ಮಗನೂ ಆ ಪದ್ಧತಿಯನ್ನು ಪೂಜೆಯಂತೆ ನಡೆಸಿಕೊಂಡು ಬಂದಿದ್ದ.

ಆದರೆ ಮಕ್ಕಳ ಕೈಗೆ ಫೋನು ಬಂದ ಮೇಲೆ ಪುಸ್ತಕಗಳ ಮೇಲೆ ಧೂಳು ಕೂತಿತು. ಕೊನೆಯ ಪ್ರಯತ್ನವೆಂದು ಗೌರೀಶ ತಾನೇ ಬರೆದು, ತಾನೇ ಅಚ್ಚು ಹಾಕಿ, 'ಗಂಟೆ ಕದ್ದವರಾರು?' ಎಂಬ ಪತ್ತೇದಾರಿ ಕತೆಯನ್ನು ತಿಂಗಳಿಗೊಂದು ಕಿರುಪುಸ್ತಕವಾಗಿ ಹೊರತಂದ. ಸಾಲೆಯ ಗಂಟೆ ಕಾಣೆಯಾಗುತ್ತದೆ. ಮುಧೋಳದ ನಾಯಿಯೊಂದು ಜಾಡು ಹಿಡಿಯುತ್ತದೆ. ಮಕ್ಕಳು ಫೋನು ಬಿಟ್ಟು ಶೆಡ್ಡಿನ ಮುಂದೆ ಸಾಲು ನಿಂತರು! ಈ ರಾತ್ರಿ ಕಳೆದರೆ, ಸಂಜೆ ಜಮಖಂಡಿಯಲ್ಲಿ ಕೊನೆಯ ಕಂತಿನ ಬಿಡುಗಡೆ. ಅಲ್ಲಿಯ ಸಾಲೆಗಳ ಸಂಸ್ಥೆಯೊಂದರ ಅಧ್ಯಕ್ಷೆ ಕಾಂಚನಾಬಾಯಿ ಮಾತು ಕೊಟ್ಟಿದ್ದರು: "ಮಕ್ಕಳು ಕಡೀ ಸಾಲಿನ ತನಕ ಕುಂತ ಓದಿದ್ರ, ನಮ್ಮ ಎಲ್ಲಾ ಸಾಲಿಗಳಿಗೂ ನಿಮ್ಮ ಪುಸ್ತಕ ತರಸ್ತೀನಿ."

ಮಕ್ಕಳು ಕೂರದಿದ್ದರೆ ಪ್ರಕಾಶನಕ್ಕೆ ಬೀಗ. ಶೆಡ್ಡಿನಲ್ಲಿ ಪವರ್‌ಲೂಮ್ ಹಾಕಲು ಹೆಂಡತಿ ವೈಶಾಲಿಯ ತಮ್ಮ, ನೆರೆಯ ಶೆಡ್ಡಿನ ನೇಕಾರ ಮಾಂತೇಶ ಆಗಲೇ ಅಳತೆಯ ಟೇಪು ಹಿಡಿದು ಓಡಾಡುತ್ತಿದ್ದ.

ಬೆಳಗಾಗುವಷ್ಟರಲ್ಲಿ ಬೀಳಗಿಯಿಂದ ಒಂದು ಫೋನು, ಸಾವಳಗಿಯಿಂದ ಇನ್ನೊಂದು. ಎಲ್ಲರ ಬಾಯಲ್ಲೂ ಡ್ರಿಲ್ ಮಾಸ್ತರ! ಗೌರೀಶ ಪೆಟ್ಟಿಗೆ ತೆರೆದು ನೋಡಿದ. ಪುಸ್ತಕಗಳು ಕಟ್ಟು ಬಿಚ್ಚದೆ ಹಾಗೆಯೇ ಇದ್ದವು. ಕೀಲಿಕೈ ಅವನ ಕೊರಳಲ್ಲೇ ಇತ್ತು. ಶೆಡ್ಡಿನೊಳಗೆ ಕಾಲಿಟ್ಟಿದ್ದ ಹೊರಗಿನವನು ಒಬ್ಬನೇ, ಮಾಂತೇಶ. ಗೌರೀಶನ ಎದೆಯಲ್ಲಿ ಅನುಮಾನ ಗಂಜಿಯಂತೆ ಕುದಿಯತೊಡಗಿತು.

"ಕಳ್ಳನ್ನ ಬದಲ ಮಾಡೂದ ಛಲೋ!" ಎಂದು ಅವನು ಕೂಗಿದ್ದೇ ತಡ, ಓಣಿಯೇ ಶೆಡ್ಡಿನೊಳಗೆ ನುಗ್ಗಿತು.

"ಬಸ್ ಕಂಡಕ್ಟರ್‌ನ್ನ ಕಳ್ಳ ಮಾಡೂಣು," ಎಂದ ಗೌರೀಶ.

"ನನ್ನ ಮಗ ಕಂಡಕ್ಟರ್ ಅದಾನ!" ಅನಸವ್ವ ಸೆರಗು ಸಿಕ್ಕಿಸಿದಳು. "ಹಂಗೇನರ ಮಾಡಿದ್ರ ನಿನ್ನ ಬಾಗಲಾಗ ಕುಂತ ಬಾಯಿ ಬಡ್ಕೊಂತೀನಿ."

"ಹಂಗಾರ ಸೀರಿ ಸಾವಕಾರ?"

"ಮಾಮಾ, ಆಮ್ಯಾಲ ನನಗ ನೂಲು ನೀವು ಕೊಡ್ತೀರೇನು?" ಟೇಪು ಸುತ್ತುತ್ತಲೇ ಮಾಂತೇಶ ಕೇಳಿದ.

"ಅಜ್ಜಿ?"

"ಏನ್ರೀ, ನಿಮಗ ಬುದ್ಧಿ ಐತೋ ಇಲ್ಲೋ?" ವೈಶಾಲಿ ಒಳಗಿನಿಂದಲೇ ಗುಡುಗಿದಳು. "ನಾಳಿಂದ ಮನಿಮನ್ಯಾಗ ಮಕ್ಕಳು ಅಜ್ಜಿ ಉಡಿ ತಪಾಸ ಮಾಡ್ತಾವ."

ಉಳಿದದ್ದು ಮೂಕಪ್ರಾಣಿ. "ನಾಯೀನ ಕದ್ದೈತಿ ಅಂದ್ರಾತು! ಅದರ ಪರವಾಗಿ ಯಾರು ಬರ್ತಾರ?"

ಬಾಗಿಲಲ್ಲಿ ಯಾರೋ ಕೆಮ್ಮಿದರು. ಪುಸ್ತಕ ಬಿಡುಗಡೆಯ ಮೆರವಣಿಗೆಗೆಂದು ಮುಧೋಳದ ಹತ್ತಿರದ ತಿಮ್ಮಾಪುರದಿಂದ ತನ್ನ ಬೇಟೆನಾಯಿಯೊಂದಿಗೆ ಬಂದಿದ್ದ ಭೀಮಶಿ!

"ನಮ್ಮ ನಾಯಿ ಕಳ್ಳನ್ನ ಹಿಡಿಯೂದ್ರೀ, ಕಳವು ಮಾಡೂದಲ್ಲ. ಮುಧೋಳದ ಮಂದಿ ಕಿವಿಗಿ ಬಿದ್ರ ನಿಮ್ಮ ಅಚ್ಚಿನ ಮಷೀನ್ ಘಟಪ್ರಭಾದಾಗ ಈಸಾಡತೈತಿ ನೋಡ್ರಿ."

ನಾಯಿ ಕೂಡ, ಕಾಗದಪತ್ರವಿಲ್ಲದೆ ಬಂದ ಕಕ್ಷಿದಾರನನ್ನು ಕೋರ್ಟಿನ ಗುಮಾಸ್ತ ನೋಡುವಂತೆ ಗೌರೀಶನನ್ನು ನೋಡಿತು.

ಸೋತು ಕುಳಿತವನ ತಲೆಯಲ್ಲಿ ಆಗ ಮಿಂಚು ಹೊಡೆಯಿತು. ಪುಸ್ತಕದ ಕೊನೆಯ ಸಾಲಿನಲ್ಲಿ 'ಕಳ್ಳ:' ಎಂದು ಬರೆದು ಮುಂದೆ ಹೆಸರಿತ್ತು. ಆ ಹೆಸರಿನ ಮೇಲೆ ಬಿಳಿ ಚೀಟಿ ಅಂಟಿಸಿಬಿಟ್ಟರೆ? ಮಕ್ಕಳೇ ಯೋಚಿಸಿ ಬರೆಯಲಿ! ಓಣಿಯ ಹೆಂಗಸರೆಲ್ಲ ಗಂಜಿ ಹಚ್ಚಲು ಕುಳಿತರು. ಅರ್ಧ ಗಂಜಿಯನ್ನು ನಾಯಿ ನೆಕ್ಕಿತು. ಉಳಿದರ್ಧದಲ್ಲಿ ಚೀಟಿಗಳೂ ಗೌರೀಶನ ಮೀಸೆಯೂ ಅಂಟಿಕೊಂಡವು. ಟಂಟಂ ಗಾಡಿಯಲ್ಲಿ ಪುಸ್ತಕದ ಗಂಟುಗಳ ಮೇಲೆ ನಾಯಿ ದೊರೆಯಂತೆ ಕುಳಿತು ಜಮಖಂಡಿಗೆ ಹೊರಟಿತು. ಪ್ರಕಾಶಕ ಹಿಂದೆ ಜೋತುಬಿದ್ದ. ವೈಶಾಲಿ, ಮಾಂತೇಶ, ಓಣಿಯವರೆಲ್ಲ ಬಸ್ಸು ಹತ್ತಿದರು.

ಸಭಾಂಗಣದಲ್ಲಿ ಕಾಲಿಡಲು ಜಾಗವಿಲ್ಲ! ಪುಸ್ತಕ ಹಂಚಿದ ಕೂಡಲೇ ಮಕ್ಕಳು ಸದ್ದಿಲ್ಲದೆ ಓದಿದರು. ಪುಟ ತಿರುವುವ ಸಪ್ಪಳವೊಂದೇ. ಕಾಂಚನಾಬಾಯಿಯವರ ಕಣ್ಣುಗಳು ಅರಳಿದವು. ಕೊನೆಯ ಸಾಲು ಬಂತು.

"ಹೆಸರ ಇಲ್ಲ!" ಸಭೆಯೇ ಚೀರಿತು.

ಗೌರೀಶ ಮೈಕು ಹಿಡಿದ. "ಕಳ್ಳ ಯಾರಂತ ನೀವ ಬರೀರಿ ಮಕ್ಕಳ್ರ್ಯಾ!"

"ಡ್ರಿಲ್ ಮಾಸ್ತರ! ಎಲ್ಲಾರಿಗೂ ಗೊತ್ತೈತಿ!" ಮುಂದಿನ ಸಾಲಿನ ಹುಡುಗಿಯೊಬ್ಬಳು ಕೂಗಿದಳು. ಸಭೆ ಕಿಸಕ್ಕೆಂದು ನಕ್ಕಿತು.

ಗೌರೀಶನ ತಾಳ್ಮೆಯ ಎಳೆ ಕಡಿಯಿತು. "ಡ್ರಿಲ್ ಮಾಸ್ತರ ಅಲ್ಲ! ಕಥೀ ಮುಗಿಯೂದರೊಳಗ ಗುಟ್ಟು ಕದ್ದು ಊರೂರಿಗೆ ಹಂಚಿದಂವ ಖರೆ ಕಳ್ಳ! ಅಂವ ಅಲ್ಲೇ ಟೇಪ್ ಹಿಡ್ಕೊಂಡು ಕುಂತಾನ ನೋಡ್ರಿ!"

ಎಲ್ಲರ ಕತ್ತು ಮಾಂತೇಶನತ್ತ ತಿರುಗಿತು. ವೈಶಾಲಿ ಎದ್ದು ನಿಂತಳು. ಕಾಂಚನಾಬಾಯಿ ಕೈಯೆತ್ತಿ ಎಲ್ಲರನ್ನೂ ಸುಮ್ಮನಾಗಿಸಿದರು. ತಮ್ಮ ಚೀಲದಿಂದ ಮಸಿ ಹತ್ತಿದ ಹಾಳೆಯೊಂದನ್ನು ತೆಗೆದರು. ಅದೇ ಕೊನೆಯ ಪುಟ!

"ಇದು ನನ್ನ ಹೊಸಾ ಸೀರಿ ಮಡಿಕ್ಯಾಗ ಸಿಕ್ಕಿದ್ದು."

"ನನಗೂ ಸಿಕ್ಕೈತ್ರಿ!" ಹಿಂದಿನಿಂದ ಒಬ್ಬಳು ಕೂಗಿದಳು. "ನಮ್ಮ ಬೀಳಗ್ಯಾಗ ಸೀರಿ ತಗೊಂಡ ಎಲ್ಲಾರಿಗೂ!" ಎಂದಳು ಇನ್ನೊಬ್ಬಳು.

ಮಾಂತೇಶ ಮೆಲ್ಲಗೆ ಎದ್ದ. "ಹಾಳಿ ಸೀರ್ಯಾಗ ಇಟ್ಟಂವ ನಾನ ಖರೆ. ಓದಿಲ್ಲ, ನನಗ ಅಷ್ಟು ಪುರಸೊತ್ತಿಲ್ಲ. ಆದ್ರ ಹೋದ ವಾರ ಹಾಳಿ ಗಂಟು ಹೊತ್ಕೊಂಡು ನಮ್ಮ ಶೆಡ್ಡಿಗೆ ಬಂದು, 'ಏನೂ ಚೆಲ್ಲಬಾರದೋ ಮಾಂತೇಶಾ' ಅಂದಂವ ಯಾರು? ಕೇಳ್ರಿ ಮೈಕ್ ಹಿಡದಾರನ್ನ."

ಮೈಕು ಗೌರೀಶನ ಕೈಯಿಂದ ಜಾರಿ ಕೊಂಯ್ ಎಂದಿತು. ನಾಯಿ ಎದ್ದು ಬಂದು ಅವನ ಪಂಚೆಯ ಅಂಚನ್ನು ಮೆಲ್ಲಗೆ ಕಚ್ಚಿ ಹಿಡಿಯಿತು. ಭೀಮಶಿಯ ಎದೆ ಹೆಮ್ಮೆಯಿಂದ ಉಬ್ಬಿತು.

"ನನ್ನ ತಮ್ಮಗ ತುಂಬಿದ ಸಭಾದಾಗ ಕಳ್ಳ ಅಂದ್ರಿ," ಎಂದಳು ವೈಶಾಲಿ. "ಅರ್ಧಾ ಶೆಡ್ ಇವತ್ತಿಂದ ಅಂವಂದು." ಮಾಂತೇಶ ಟೇಪು ಬಿಚ್ಚಿದ.

ಕಾಂಚನಾಬಾಯಿ ಕಣ್ಣೀರು ಬರುವಂತೆ ನಗುತ್ತಿದ್ದರು. "ಹಿಂಗ ಕುಣಿಸಿದ ಪುಸ್ತಕ ನಾ ಕಂಡಿಲ್ಲ! ಎಲ್ಲಾ ಸಾಲಿಗಳಿಗೂ ತಗೋತೀವ್ರಿ ಗೌರೀಶ. ಆದ್ರ ಒಂದ ಮಾತು. ಕಡೀ ಸಾಲು ಈ ಮಕ್ಕಳು ಬರದಂಗ ಅಚ್ಚಾಗಬೇಕು."

ಗೌರೀಶ ಮುಂದಿನ ಸಾಲಿನ ಹುಡುಗಿಯ ಪುಸ್ತಕ ತೆಗೆದುಕೊಂಡ. ಪಕ್ಕದವನದನ್ನು ನೋಡಿದ. ಅದರ ಪಕ್ಕದ್ದನ್ನೂ ನೋಡಿದ. ಬಿಳಿ ಚೀಟಿಗಳ ಮೇಲೆಲ್ಲ ಪೆನ್ಸಿಲ್ಲಿನ ದಪ್ಪ ಅಕ್ಷರಗಳಲ್ಲಿ ಒಂದೇ ಹೆಸರು.

ಕಳ್ಳ: ಗೌರೀಶ ಕಾಕಾ.